ಬೆಳಗಿನ ಚಳಿಗೆ ಚಾಲೂ ಆಗದ ಡೀಸೆಲ್ ಕಾರು: ದೋಷ ಸಿಕ್ಕಿದ್ದು ಗ್ಲೋ ಪ್ಲಗ್‌ನಲ್ಲಿ

ಧಾರವಾಡದ ಜನವರಿ ಚಳಿ ಡೀಸೆಲ್ ಹೆಪ್ಪುಗಟ್ಟುವಷ್ಟು ಕಠಿಣವಾದುದಲ್ಲ. ಆದರೂ ರಾತ್ರಿಯಿಡೀ ಅಂಗಳದಲ್ಲಿ ನಿಂತ ನಮ್ಮ ಹಳೆಯ ಡೀಸೆಲ್ ಕಾರು ಬೆಳಿಗ್ಗೆ ಬಹಳ ಹೊತ್ತು ಸೆಲ್ಫ್ ಹೊಡೆದ ಮೇಲೆಯೇ ನಡುಗುತ್ತ, ಬಿಳಿ ಹೊಗೆ ಉಗುಳುತ್ತ ಚಾಲೂ ಆಗುತ್ತಿತ್ತು. ಮಧ್ಯಾಹ್ನವಾದರೆ ಕೀಲಿ ತಿರುಗಿಸಿದೊಡನೆ ಸರಿಯಾಗಿಯೇ ಹೊರಡುತ್ತಿತ್ತು.

ಮೊದಲು ಬ್ಯಾಟರಿ ಪರೀಕ್ಷಿಸಿದೆ. ಮಲ್ಟಿಮೀಟರ್‌ನಲ್ಲಿ 12.6 ವೋಲ್ಟ್ ಇತ್ತು. ಸೆಲ್ಫ್ ಹೊಡೆಯುವಾಗಲೂ 10ಕ್ಕಿಂತ ಕೆಳಗೆ ಇಳಿಯಲಿಲ್ಲ, ಎಂದರೆ ಬ್ಯಾಟರಿಯಲ್ಲಿ ದೋಷವಿರಲಿಲ್ಲ.

ಡೀಸೆಲ್ ಎಂಜಿನ್‌ನಲ್ಲಿ ಕಿಡಿ ಹಾರಿಸುವ ಪ್ಲಗ್ ಇರುವುದಿಲ್ಲ. ಒತ್ತಡಕ್ಕೆ ಸಿಕ್ಕಿ ಕಾದ ಗಾಳಿಯಿಂದಲೇ ಇಂಧನ ಹೊತ್ತಿಕೊಳ್ಳಬೇಕು. ತಣ್ಣಗಿರುವ ಲೋಹವು ಆ ಬಿಸಿಯನ್ನು ಹೀರಿಕೊಳ್ಳುವುದರಿಂದ, ಸೆಲ್ಫ್ ಹೊಡೆಯುವ ಮುನ್ನವೇ ಗ್ಲೋ ಪ್ಲಗ್ ಎಂಬ ಪುಟ್ಟ ವಿದ್ಯುತ್ ಹೀಟರ್‌ಗಳು ಕೆಂಪಗೆ ಕಾದು ನೆರವಾಗುತ್ತವೆ. ಅವು ಕೆಟ್ಟರೆ ಉರಿಯದ ಡೀಸೆಲ್ ಬಿಳಿ ಹೊಗೆಯಾಗಿ ಹೊರಬರುತ್ತದೆ. ತಂತಿ ಬಿಚ್ಚಿ, ಪ್ರತಿ ಪ್ಲಗ್‌ನ ತುದಿಗೂ ಎಂಜಿನ್ನಿನ ಲೋಹಕ್ಕೂ ನಡುವೆ ರೋಧ ಅಳೆದಾಗ ಎರಡು ಪ್ಲಗ್‌ಗಳು ಒಂದು ಓಮ್‌ನ ಆಸುಪಾಸು ತೋರಿಸಿದವು. ಉಳಿದೆರಡರಲ್ಲಿ ವಿದ್ಯುತ್ ಹರಿಯಲೇ ಇಲ್ಲ, ಎಂದರೆ ಒಳಗಿನ ಸುರುಳಿ ಕಡಿದಿತ್ತು. ಗ್ಲೋ ಪ್ಲಗ್ ಕಾಯುವುದನ್ನು ಸೂಚಿಸುವ ಡ್ಯಾಶ್‌ಬೋರ್ಡಿನ ಸುರುಳಿ ಚಿಹ್ನೆಯ ದೀಪ ಮಾತ್ರ ಎಂದಿನಂತೆ ಹೊತ್ತಿ ಆರುತ್ತಿತ್ತು, ಆದ್ದರಿಂದ ಅದೊಂದನ್ನೇ ನಂಬುವುದು ಸಲ್ಲದು.

ಬಿಚ್ಚುವ ಕೆಲಸವನ್ನು ಹುಬ್ಬಳ್ಳಿಯ ಅನುಭವಿ ಮಿಸ್ತ್ರಿಯೊಬ್ಬರಿಗೆ ಒಪ್ಪಿಸಿದೆ. ಮಸಿ ಕಟ್ಟಿದ ಪ್ಲಗ್ ಬಲವಂತಕ್ಕೆ ಮುರಿದರೆ ಸಿಲಿಂಡರ್ ಹೆಡ್ಡನ್ನೇ ಇಳಿಸಬೇಕಾದೀತು. ಅವರು ಎಂಜಿನ್ ಬಿಸಿ ಮಾಡಿ, ಪ್ಲಗ್‌ನ ತಿರುಪಿನ ಎಳೆಗಳಿಗೆ ತುಕ್ಕು ಬಿಡಿಸುವ ಎಣ್ಣೆ ಹಾಕಿ, ತುಸು ತಿರುಗಿಸಿ, ಮತ್ತೆ ಹಿಂದಕ್ಕೆ ತಂದು, ತಾಳ್ಮೆಯಿಂದ ಸಡಿಲಿಸಿದರು. ಉಳಿದವುಗಳ ವಯಸ್ಸೂ ಅಷ್ಟೇ ಆಗಿದ್ದರಿಂದ ನಾಲ್ಕನ್ನೂ ಬದಲಿಸಿದೆವು. ಈಗ ದೀಪ ಆರಿದ ಮೇಲೆ ಸೆಲ್ಫ್ ಹೊಡೆದರೆ ಬೆಳಗಿನ ಚಳಿಯಲ್ಲೂ ಎಂಜಿನ್ ಕೂಡಲೇ ಚಾಲೂ ಆಗುತ್ತದೆ.