ಕುಂಡದಲ್ಲಿ ಏಷ್ಯಾಟಿಕ್ ಲಿಲ್ಲಿ: ನಾನು ಬೆಳೆಸುವ ಬಗೆ

ಬೆಂಗಳೂರಿನ ಹವೆಯಲ್ಲಿ ನವೆಂಬರ್‌ಗಿಂತ ಮುಂಚೆ ನಾನು ಲಿಲ್ಲಿ ಗಡ್ಡೆ ನೆಡುವುದಿಲ್ಲ. ಮೊದಲ ಮೂರು ವಾರ ಮಣ್ಣು ತಂಪಾಗಿರಲೇಬೇಕು. ಬಿಸಿ ಮಣ್ಣಿನಲ್ಲಿ ಮೊಳಕೆ ಸರಸರನೆ ಮೇಲೇಳುತ್ತದೆ, ಬೇರು ಮಾತ್ರ ಹಿಂದುಳಿಯುತ್ತದೆ. ಆಮೇಲೆ ಎಷ್ಟು ಗೊಬ್ಬರ ಕೊಟ್ಟರೂ ಗಿಡ ಕುಳ್ಳಗೇ ಉಳಿದು ಎರಡೋ ಮೂರೋ ಮೊಗ್ಗಿಗೆ ಮುಗಿಯುತ್ತದೆ.

ಕೊಳ್ಳುವಾಗ 12–14 ಸೆಂ.ಮೀ. ಸುತ್ತಳತೆಯ, ಶೀತೋಪಚಾರ ಆದ (ಕೆಲವು ವಾರ ತಣ್ಣಗೆ ಇಟ್ಟಿದ್ದ) ಗಡ್ಡೆಯನ್ನೇ ಆರಿಸುತ್ತೇನೆ. ತಿರುಗಿಸಿ ತಳ ನೋಡಬೇಕು: ಒತ್ತಿದರೆ ಗಟ್ಟಿಯಾಗಿದ್ದು, ಬಿಳಿ ಬೇರು ಜೀವಂತವಾಗಿದ್ದರೆ ಒಳ್ಳೆಯದು. ತಳ ಕಂದಾಗಿ, ಗಡ್ಡೆಯ ಎಸಳುಗಳು ಮುಟ್ಟಿದರೆ ಕಳಚಿ ಬಂದರೆ ಅದು ಫ್ಯುಸೇರಿಯಂ ಎಂಬ ಶಿಲೀಂಧ್ರದ ಕೊಳೆ. ಅಂಥದ್ದನ್ನು ಔಷಧಿಯಲ್ಲಿ ಅದ್ದಿ ಉಳಿಸುವ ಪ್ರಯತ್ನ ಬೇಡ. ಈರುಳ್ಳಿಗಿರುವ ಒಣ ಸಿಪ್ಪೆ ಲಿಲ್ಲಿ ಗಡ್ಡೆಗಿಲ್ಲ, ಬೇಗ ಒಣಗುತ್ತದೆ. ಹಾಗಾಗಿ ತಂದ ದಿನವೇ ಕಾರ್ಬೆಂಡಾಜಿಮ್ ಎಂಬ ಶಿಲೀಂಧ್ರನಾಶಕ ಬೆರೆಸಿದ (ಲೀಟರಿಗೆ 2 ಗ್ರಾಂ) ನೀರಿನಲ್ಲಿ ಅರ್ಧ ಗಂಟೆ ನೆನೆಸಿ, ನೆರಳಲ್ಲಿ ಆರಿಸಿ ನೆಡುತ್ತೇನೆ. ಕೈಗವಸು ಮರೆಯಬೇಡಿ.

12 ಇಂಚಿನ ಕುಂಡಕ್ಕೆ ಮೂರು ಗಡ್ಡೆ. ಕೆಮ್ಮಣ್ಣು, ತೊಳೆದ ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಎರೆಗೊಬ್ಬರ ಸಮಪಾಲು, ಜೊತೆಗೆ ಎರಡು ಬೊಗಸೆ ದಪ್ಪ ಮರಳು. ಗಡ್ಡೆಯ ತುದಿಯ ಮೇಲೆ 8–10 ಸೆಂ.ಮೀ. ಮಣ್ಣು ಇರಬೇಕು. ಹೆಚ್ಚಿನವರು ತಪ್ಪುವುದು ಇಲ್ಲೇ. ಗಡ್ಡೆಯಿಂದ ಹೊರಟ ಕಾಂಡ ಮಣ್ಣೊಳಗಿರುವಾಗಲೇ ಸುತ್ತಲೂ ಇನ್ನೊಂದು ಸುತ್ತು ಬೇರು ಬಿಡುತ್ತದೆ, ಗಿಡಕ್ಕೆ ನೀರು-ಆಹಾರ ಬಹುಪಾಲು ಅಲ್ಲಿಂದಲೇ. ಮೇಲೆಮೇಲೆ ನೆಟ್ಟರೆ ಆ ಬೇರಿಗೆ ಜಾಗವೇ ಸಿಗದು. ಮಣ್ಣಿನ ಮೇಲೆ ಒಣ ಎಲೆ ಹೊದಿಸಿ, ಮೊಳಕೆ ಬರುವವರೆಗೆ ನೆರಳಲ್ಲಿಡಿ.

ಸೂಪರ್ ಫಾಸ್ಫೇಟ್ ಹಾಕುವುದೇ ಇಲ್ಲ. ಅದರಲ್ಲಿರುವ ಫ್ಲೋರೈಡ್ ಲಿಲ್ಲಿಗೆ ಆಗದು, ಎಲೆಯ ತುದಿ ಸುಡುತ್ತದೆ. ಉಪ್ಪಿನಂಶದ ಬೋರ್‌ವೆಲ್ ನೀರೂ ಅಷ್ಟೇ, ಮಳೆನೀರು ಹಿಡಿದಿಟ್ಟಿದ್ದರೆ ಅದನ್ನೇ ಕೊಡಿ. ಮೊಳಕೆ ಬಂದ ಮೂರು ವಾರಕ್ಕೆ ಕ್ಯಾಲ್ಸಿಯಂ ನೈಟ್ರೇಟ್ ಲೀಟರಿಗೆ 2 ಗ್ರಾಂನಂತೆ ಬುಡಕ್ಕೆ, ಹತ್ತು ದಿನಕ್ಕೊಮ್ಮೆ. ಬೆಳಗಿನ ಬಿಸಿಲು ನಾಲ್ಕೈದು ಗಂಟೆಯಾದರೂ ಬೀಳಲಿ. ಬೆಳಕು ಸಾಲದಿದ್ದರೆ ಎಳೆಮೊಗ್ಗು ಬಿಳಿಚಿಕೊಂಡು ಉದುರುತ್ತದೆ. ಅದನ್ನು ರೋಗವೆಂದು ತಿಳಿದು ಔಷಧಿ ಹೊಡೆದು ಫಲವಿಲ್ಲ.

ರೋಗಗಳಲ್ಲಿ ನನಗೆ ಹೆಚ್ಚು ಎಚ್ಚರ ಬೋಟ್ರೈಟಿಸ್ ಎಂಬ ಶಿಲೀಂಧ್ರ ರೋಗದ ವಿಷಯದಲ್ಲಿ. ಎಲೆಯ ಮೇಲೆ ಮೊಟ್ಟೆಯಾಕಾರದ ಚುಕ್ಕೆ, ಅಂಚು ಕೆಂಗಂದು, ನಡುಭಾಗ ಮಾಸಲು. ಮಂಜು ಬಿದ್ದ ಬೆಳಿಗ್ಗೆ ಭೂತಗನ್ನಡಿಯಲ್ಲಿ ನೋಡಿದರೆ ಬೂದು ನವಿರು ಕಾಣುತ್ತದೆ. ಬಿಸಿಲಿನ ಸುಡುಗಲೆಗೆ ಈ ನವಿರು ಇರುವುದಿಲ್ಲ. ರಾತ್ರಿಯಿಡೀ ಎಲೆ ಒದ್ದೆಯಿದ್ದರೆ ಇದು ಹಬ್ಬುತ್ತದೆ. ಆದ್ದರಿಂದ ನೀರು ಬೆಳಿಗ್ಗೆಯೇ, ಬುಡಕ್ಕೆ ಮಾತ್ರ. ಕುಂಡಗಳ ನಡುವೆ ಒಂದಡಿ ಬಿಡಿ. ಚುಕ್ಕೆಯಾದ ಎಲೆ ತೆಗೆದು, ಮ್ಯಾಂಕೋಜೆಬ್ ಶಿಲೀಂಧ್ರನಾಶಕ ಲೀಟರಿಗೆ 2 ಗ್ರಾಂ ಸಿಂಪಡಿಸುತ್ತೇನೆ.

ಸಸ್ಯಹೇನು ಕಂಡರೆ ತಡಮಾಡಬೇಡಿ. ಅದು ರಸ ಹೀರುವುದಕ್ಕಿಂತ ನಂಜುರೋಗ (ವೈರಸ್) ಹರಡುವುದೇ ದೊಡ್ಡ ಹಾನಿ. ಬೇವಿನೆಣ್ಣೆ 3 ಮಿ.ಲೀ., ದ್ರವ ಸೋಪು 1 ಮಿ.ಲೀ., ಒಂದು ಲೀಟರ್ ನೀರು. ಸಂಜೆ, ಎಲೆಯ ಅಡಿಗೂ ತಾಗುವಂತೆ, ವಾರಕ್ಕೊಮ್ಮೆಯಂತೆ ಮೂರು ವಾರ. ಎಲೆಯನ್ನು ಬೆಳಕಿಗೆ ಹಿಡಿದಾಗ ತಿಳಿ-ಗಾಢ ಹಸಿರಿನ ಪಟ್ಟೆ ಕಂಡು, ಹೊಸ ಎಲೆ ಮುದುಡಿದ್ದರೆ ಅದು ನಂಜು. ಮದ್ದಿಲ್ಲ. ಗಡ್ಡೆಸಮೇತ ಕಿತ್ತು ಹೊರಹಾಕಿ, ಕಾಂಪೋಸ್ಟ್ ಗುಂಡಿಗೂ ಸೇರಿಸಬೇಡಿ. ಕತ್ತರಿಯನ್ನು ಸ್ಪಿರಿಟ್‌ನಲ್ಲಿ ಒರೆಸಿಯೇ ಮುಂದಿನ ಗಿಡಕ್ಕೆ ಹೋಗಿ.

ಕಪ್ಪು ಮೈ ಮೇಲೆ ಬಿಳಿ-ಕೆಂಪು ಚುಕ್ಕೆಯ ಕಂಬಳಿಹುಳು ಲಿಲ್ಲಿ ಪತಂಗದ ಮರಿ. ಗುಂಪಾಗಿ ಬಂದು ಒಂದೆರಡು ರಾತ್ರಿಯಲ್ಲಿ ಗಿಡ ಬೋಳು ಮಾಡುತ್ತದೆ. ಹತ್ತಿಪ್ಪತ್ತು ಕುಂಡಕ್ಕಾದರೆ ಕೈಯಲ್ಲಿ ಆರಿಸಿ ಸೋಪುನೀರಿಗೆ ಹಾಕುವುದೇ ಸಾಕು.

ಮನೆಯಲ್ಲಿ ಬೆಕ್ಕಿದ್ದರೆ ಈ ಗಿಡವೇ ಬೇಡ. ಎಲೆ, ಹೂವು, ಪರಾಗ ಎಲ್ಲವೂ ಬೆಕ್ಕಿನ ಮೂತ್ರಪಿಂಡ ಕೆಡಿಸಿ ಜೀವ ತೆಗೆಯುತ್ತವೆ.

ಹೂ ಕೊಯ್ಯುವಾಗ ಕಾಂಡದ ಮೂರನೇ ಒಂದು ಭಾಗವನ್ನಾದರೂ ಎಲೆಸಮೇತ ಬಿಡಿ, ಗಡ್ಡೆ ಮತ್ತೆ ತುಂಬಿಕೊಳ್ಳುವುದು ಆ ಎಲೆಯಿಂದ. ಎಲೆ ಹಣ್ಣಾದ ಮೇಲೆ ನೀರು ತಗ್ಗಿಸಿ, ಮಳೆಗಾಲದಲ್ಲಿ ಕುಂಡವನ್ನು ಸೂರಿನಡಿ ಇಡುತ್ತೇನೆ. ಸೆಪ್ಟೆಂಬರ್‌ನಲ್ಲಿ ಅಗೆದು, ತುಸು ತೇವದ ಕೋಕೋಪೀಟ್ ಜೊತೆ ತೂತಿನ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಫ್ರಿಜ್ಜಿನ ತರಕಾರಿ ಅರೆಯಲ್ಲಿ ಎಂಟು ವಾರ. ಅದೇ ಅರೆಯಲ್ಲಿ ಸೇಬು ಇಡಬಾರದು, ಹಣ್ಣಿನಿಂದ ಹೊರಡುವ ಎಥಿಲೀನ್ ಅನಿಲ ಗಡ್ಡೆಯೊಳಗಿನ ಎಳೆಮೊಗ್ಗನ್ನು ಕೆಡಿಸುತ್ತದೆ. ಎರಡನೇ ವರ್ಷ ನಮ್ಮ ಹವೆಯಲ್ಲಿ ಹೂ ಕಡಿಮೆಯೇ. ಸಣ್ಣ ಗಡ್ಡೆಗಳನ್ನು ಬೇರೆ ಕುಂಡದಲ್ಲಿ ಒಂದು ವರ್ಷ ಬೆಳೆಯಲು ಬಿಡಿ.