ಟ್ಯಾಕ್ಸ್ ನೋಟಿಸ್ ಬಂದಾಗ ಪುಕ್ಕಟೆ ವಕೀಲರನ್ನು ಹಿಡಿಯುವುದು ಹೇಗೆ?

ಬಾಗಲಕೋಟೆಯ ಕಾನೂನು ಸೇವಾ ಪ್ರಾಧಿಕಾರಕ್ಕೆ ಬರುವವರಿಗೆ ಅರ್ಜಿ ಬರೆದುಕೊಡುವುದು ನನ್ನ ಕೆಲಸ. ಪ್ಯಾರಾ ಲೀಗಲ್ ವಾಲಂಟಿಯರ್ ಅಂತಾರೆ. ಜೀವನಾಂಶ, ಹೊಲದ ಬದುವಿನ ಜಗಳ, ಚೆಕ್ ಬೌನ್ಸ್ ಹಿಡಿದು ಬರುವವರೇ ಜಾಸ್ತಿ. ಇನ್‌ಕಮ್ ಟ್ಯಾಕ್ಸ್ ನೋಟಿಸ್ ಹಿಡಿದು ಬರುವವರು ಅಪರೂಪ. ಬಂದವರೂ ಬಾಗಿಲಲ್ಲೇ ನಿಂತು, ‘ಇದು ಕೋರ್ಟ್ ಕೇಸ್ ಅಲ್ರೀ, ಇಲ್ಲಿ ನಡೀತದೇನು?’ ಎಂದು ಕೇಳುತ್ತಾರೆ.

ನಡೆಯುತ್ತದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಲ್ಲಿ ‘ಕೋರ್ಟ್’ ಅಂದರೆ ಕಟಕಟೆ ಇರುವ ಕೋರ್ಟ್ ಮಾತ್ರ ಅಲ್ಲ. ನ್ಯಾಯ ತೀರ್ಮಾನ ಮಾಡುವ ಟ್ರಿಬ್ಯೂನಲ್, ಅಪೀಲು ಕೇಳುವ ಅಧಿಕಾರಿ ಎಲ್ಲರೂ ಅದರಲ್ಲಿ ಬರುತ್ತಾರೆ. ಬರೀ ಸಲಹೆ ಬೇಕಿದ್ದರೂ ಕೇಳಬಹುದು.

ಯಾರಿಗೆ ಸಿಗುತ್ತದೆ? ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ, ಅಂಗವಿಕಲರಿಗೆ, ಕೈಗಾರಿಕಾ ಕಾರ್ಮಿಕರಿಗೆ, ನೆರೆ-ಬರಕ್ಕೆ ಸಿಕ್ಕವರಿಗೆ ಆದಾಯ ಎಷ್ಟೇ ಇರಲಿ ಸಿಗುತ್ತದೆ. ಉಳಿದವರಿಗೆ ಮಾತ್ರ ಆದಾಯದ ಮಿತಿ. ಅದು ಆಗಾಗ ಬದಲಾಗುತ್ತದೆ, 15100ಕ್ಕೆ ಫೋನ್ ಮಾಡಿದರೆ ಹೇಳುತ್ತಾರೆ. ಈ ನಂಬರಿಗೆ ದುಡ್ಡು ಬೀಳುವುದಿಲ್ಲ.

ಸರಿ, ಈಗ ಒಂದೊಂದಾಗಿ ನೋಡೋಣ.

ಹೆಜ್ಜೆ 1: ನೋಟಿಸ್ ನಿಮ್ಮ ಕೈಗೆ ಬರುವ ಹಾಗೆ ಮಾಡಿಕೊಳ್ಳಿ

ಹೋದ ವರ್ಷ ಒಬ್ಬ ಅಕ್ಕ ಬಂದಿದ್ದಳು. ರೊಟ್ಟಿ ಬಡಿದು ಮಾರುವವಳು, ಓಣಿಯ ಮಹಿಳಾ ಸಂಘದ ಲೀಡರ್. ಸಂಘದ ಹೆಂಗಸರು ವಾರವಾರ ಕಟ್ಟುವ ರೊಕ್ಕವನ್ನೆಲ್ಲ ತನ್ನ ಸ್ವಂತ ಉಳಿತಾಯ ಖಾತೆಗೆ ತುಂಬುತ್ತಿದ್ದಳು. ವರ್ಷಕ್ಕೆ 11 ಲಕ್ಷ ಚಿಲ್ಲರೆ ಆಯಿತು. ಉಳಿತಾಯ ಖಾತೆಗೆ ಒಂದು ವರ್ಷದಲ್ಲಿ 10 ಲಕ್ಷ ಅಥವಾ ಜಾಸ್ತಿ ನಗದು ಬಿದ್ದರೆ ಬ್ಯಾಂಕು ಇಲಾಖೆಗೆ ತಿಳಿಸಲೇಬೇಕು. ತಿಳಿಸಿತು. ಇಲಾಖೆಯಿಂದ ನೋಟಿಸ್ ಮೇಲೆ ನೋಟಿಸ್ ಹೋದವು. ಆಕೆಗೆ ಒಂದೂ ಗೊತ್ತಿಲ್ಲ!

ಯಾಕೆ ಅಂದರೆ, ಹಿಂದೊಮ್ಮೆ ಸಾಲಕ್ಕೆ ಐಟಿಆರ್ (ಇನ್‌ಕಮ್ ಟ್ಯಾಕ್ಸ್ ರಿಟರ್ನ್) ಬೇಕು ಅಂದಾಗ ಒಂದು ಕಂಪ್ಯೂಟರ್ ಅಂಗಡಿಯಲ್ಲಿ ಮಾಡಿಸಿದ್ದಳು. ಅಂಗಡಿ ಹುಡುಗ ಪೋರ್ಟಲ್‌ನಲ್ಲಿ ತನ್ನದೇ ಮೊಬೈಲ್, ತನ್ನದೇ ಇಮೇಲ್ ಹಾಕಿದ್ದ. ನೋಟಿಸ್‌ಗಳೆಲ್ಲ ಅವನ ಇಮೇಲ್‌ನಲ್ಲಿ ಕೊಳೆಯುತ್ತಿದ್ದವು.

ಇದು ಆಕೆಯೊಬ್ಬಳ ಕಥೆ ಅಲ್ಲ, ನನ್ನ ಹತ್ತಿರ ಬರುವ ಬಹುತೇಕರದ್ದೂ ಇದೇ. ಆದ್ದರಿಂದ ಇವತ್ತೇ ಇನ್‌ಕಮ್ ಟ್ಯಾಕ್ಸ್ ಪೋರ್ಟಲ್‌ಗೆ ಹೋಗಿ, ಪಾಸ್‌ವರ್ಡ್ ಮರೆತಿದೆ ಅಂತ ಕೊಟ್ಟು ಆಧಾರ್ ಒಟಿಪಿಯಿಂದ ಹೊಸದು ಮಾಡಿಕೊಳ್ಳಿ. ಪ್ರೊಫೈಲ್‌ಗೆ ಹೋಗಿ ನಿಮ್ಮ ಮೊಬೈಲ್, ಮಗನದೋ ಮಗಳದೋ ಇಮೇಲ್ ಹಾಕಿ. ಆಧಾರ್‌ಗೆ ಹಳೆಯ ನಂಬರ್ ಇದ್ದರೆ ಮೊದಲು ಅದನ್ನು ಬದಲಿಸಬೇಕು. ಇದನ್ನು ಬಿಟ್ಟು ವಕೀಲರ ಹತ್ತಿರ ಹೋದರೆ, ಮುಂದಿನ ನೋಟಿಸ್ ಮತ್ತೆ ಅಂಗಡಿಗೇ ಹೋಗುತ್ತದೆ.

ಹೆಜ್ಜೆ 2: ನೋಟಿಸ್ ಅಸಲಿಯೋ ನಕಲಿಯೋ ನೋಡಿ

2019ರ ಅಕ್ಟೋಬರ್ 1ರಿಂದ ಇಲಾಖೆಯ ಪತ್ರಗಳಿಗೆ ‘ಡಿನ್’ ಎಂಬ ನಂಬರ್ ಇರುತ್ತದೆ. ಲಾಗಿನ್ ಆಗದೆಯೇ ಪೋರ್ಟಲ್‌ನಲ್ಲಿ ಅದನ್ನು ಹಾಕಿ ನೋಡಬಹುದು. ವಾಟ್ಸ್‌ಆ್ಯಪ್‌ನಲ್ಲಿ ಲಿಂಕ್ ಕಳಿಸಿ ‘ತಕ್ಷಣ ಕಟ್ಟಿ’ ಅನ್ನುವುದು ನೋಟಿಸ್ ಅಲ್ಲ, ಕಳ್ಳರ ಬಲೆ.

ಹೆಜ್ಜೆ 3: ‘ಖರೇ’ ಅಂತ ಒತ್ತಬೇಡಿ

ಅಕ್ಕನ ಕಡೆಯಿಂದ ಉತ್ತರ ಬರಲಿಲ್ಲ ಅಂತ ಇಲಾಖೆ ತಾನೇ ಆದೇಶ ಮಾಡಿ, 9 ಲಕ್ಷದ ಹತ್ತಿರ ಬಾಕಿ ತೋರಿಸಿತ್ತು. ಅದು ಪೋರ್ಟಲ್‌ನಲ್ಲಿ ಕೆಂಪಗೆ ಕಾಣುತ್ತಿತ್ತು. ಅಂಗಡಿ ಹುಡುಗ, ‘ಅಕ್ಕಾರ, ಇದಕ್ಕ ಡಿಮ್ಯಾಂಡ್ ಖರೇ ಅಂತ ಒತ್ತಿಬಿಡ್ತೀನಿ, ಮತ್ತ ಮೆಸೇಜ್ ಬರಂಗಿಲ್ಲ’ ಅಂದನಂತೆ. ಅಷ್ಟರಲ್ಲಿ ಕರೆಂಟ್ ಹೋಯಿತು. ಕರೆಂಟ್ ಹೋದದ್ದಕ್ಕೆ ಯಾರಿಗಾದರೂ ಕೈ ಮುಗಿಯಬೇಕು ಅನಿಸಿದ್ದು ನನಗೆ ಅದೇ ಮೊದಲು.

ಬಾಕಿಗೆ ಉತ್ತರ ಕೊಡುವ ಜಾಗದಲ್ಲಿ ‘ಡಿಮ್ಯಾಂಡ್ ಈಸ್ ಕರೆಕ್ಟ್’ ಅಂತ ಸಬ್‌ಮಿಟ್ ಮಾಡಿದರೆ, ಆಮೇಲೆ ಅಲ್ಲಿ ‘ಒಪ್ಪುವುದಿಲ್ಲ’ ಅನ್ನಲು ಬರುವುದಿಲ್ಲ. ವಕೀಲರು ನೋಡುವ ತನಕ ಏನನ್ನೂ ಒತ್ತಬೇಡಿ. ಒಂದು ಪ್ರಿಂಟ್ ತೆಗೆಸಿ, ಎದ್ದು ಬನ್ನಿ.

ಹೆಜ್ಜೆ 4: ಅರ್ಜಿ ಕೊಡಿ

ಜಿಲ್ಲಾ ನ್ಯಾಯಾಲಯದಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇರುತ್ತದೆ. ಬಾಗಲಕೋಟೆಯವರು ನವನಗರಕ್ಕೆ ಬನ್ನಿ. ಜಮಖಂಡಿ, ಮುಧೋಳ, ಬಾದಾಮಿ ಕಡೆಯವರು ಇಲ್ಲಿ ತನಕ ಬರುವುದು ಬೇಡ, ತಾಲೂಕು ಕೋರ್ಟ್‌ನಲ್ಲೇ ತಾಲೂಕು ಸಮಿತಿ ಇದೆ. ಬಿಳಿ ಹಾಳೆಯ ಮೇಲೆ ಕನ್ನಡದಲ್ಲಿ ಬರೆದರೆ ಸಾಕು. ಬರೆಯಲು ಬಾರದಿದ್ದರೆ ಬಾಯಲ್ಲಿ ಹೇಳಿ, ನಾವು ಬರೆದುಕೊಳ್ಳುತ್ತೇವೆ. ಅರ್ಜಿಗೆ ಶುಲ್ಕ ಇಲ್ಲ. ಏಳು ದಿನದೊಳಗೆ ತೀರ್ಮಾನ ಹೇಳಬೇಕು ಅಂತ ನಿಯಮ ಇದೆ. ಆದರೂ ನೋಟಿಸ್‌ನ ಕೊನೇ ತಾರೀಖನ್ನು ಅರ್ಜಿಯ ಮೇಲ್ತುದಿಯಲ್ಲಿ ದಪ್ಪಗೆ ಬರೆದು ಅಡಿಗೆರೆ ಎಳೆಯಿರಿ. ‘ತೆರಿಗೆ ಕೇಸು ನಡೆಸಿದ ವಕೀಲರು ಬೇಕು’ ಅಂತಲೂ ಸೇರಿಸಿ. ಪ್ಯಾನೆಲ್‌ನಲ್ಲಿ ಒಳ್ಳೊಳ್ಳೆಯ ವಕೀಲರಿದ್ದಾರೆ, ಆದರೆ ಜಾಮೀನಿನ ಕೆಲಸ ಬೇರೆ, ಟ್ಯಾಕ್ಸ್ ಕೆಲಸ ಬೇರೆ ಅಲ್ವಾ?

ವಕೀಲರು ನಿಮ್ಮ ಹತ್ತಿರ ಒಂದು ರೂಪಾಯಿ ಫೀಸೂ ತೆಗೆದುಕೊಳ್ಳುವ ಹಾಗಿಲ್ಲ. ಕೇಳಿದರೆ ಪ್ರಾಧಿಕಾರದ ಸದಸ್ಯ ಕಾರ್ಯದರ್ಶಿಯವರಿಗೆ ಹೇಳಿ.

ಇಲ್ಲೊಂದು ಗುಂಡಿ ಇದೆ, ಗಂಡಸರೇ ಜಾಸ್ತಿ ಬೀಳುತ್ತಾರೆ. ಆದಾಯ ಕಡಿಮೆ ಅಂತ ತೋರಿಸಲು ನಿಮ್ಮ ಅಫಿಡವಿಟ್ಟೇ ಸಾಕಾಗಬಹುದು ಅಂತ ಕಾಯ್ದೆ ಹೇಳುತ್ತದೆ. ಸರಿ, ಹಾಗಂತ ‘ವರ್ಷದ ಆದಾಯ 40,000’ ಅಂತ ಬರೆಯುವುದು. ಅತ್ತ ಇಲಾಖೆಗೆ ‘ಹೊಲದಿಂದ 6 ಲಕ್ಷ ಬಂತು, ಅದನ್ನೇ ಬ್ಯಾಂಕಿಗೆ ತುಂಬಿದೆ’ ಅನ್ನುವುದು. ಎರಡೂ ಕಾಗದದ ಮೇಲೆ ನಿಮ್ಮದೇ ಸಹಿ. ಒಂದಾದರೂ ಸುಳ್ಳು ಅಂತ ಯಾರಿಗಾದರೂ ಗೊತ್ತಾಗುತ್ತದೆ. ಎರಡೂ ಕಡೆ ಇರುವುದನ್ನೇ ಬರೆಯಿರಿ.

ಹೆಜ್ಜೆ 5: ಕಾಗದ ಜೋಡಿಸುವುದು

ಎಲ್ಲರೂ ಎಡವುವುದು ಇಲ್ಲೇ. ಕ್ಯಾರಿಬ್ಯಾಗ್ ತುಂಬ ಕಾಗದ ತಂದು ವಕೀಲರ ಟೇಬಲ್ ಮೇಲೆ ಸುರಿಯುತ್ತಾರೆ. ಕರೆಂಟ್ ಬಿಲ್, ರೇಷನ್ ಕಾರ್ಡ್, ಮಗಳ ಮದುವೆ ಪತ್ರಿಕೆ, ಎಲ್ಲಾ. ವಕೀಲರಿಗೆ ಅದನ್ನು ಬಿಡಿಸಲು ಪುರುಸೊತ್ತು ಇರುವುದಿಲ್ಲ. ಅದನ್ನು ನೀವೇ ಮಾಡಬೇಕು.

ಮಗುವಿನ ಶಾಲೆ ನೋಟ್‌ಬುಕ್ಕಿನ ಎರಡು ಹಾಳೆ ಹರಿದುಕೊಳ್ಳಿ. ನಾಲ್ಕು ಗೆರೆ ಎಳೆಯಿರಿ: ತಾರೀಖು, ಜಮಾ ಮೊತ್ತ, ಯಾರ ರೊಕ್ಕ, ಯಾವ ಕಾಗದ. ಪಾಸ್‌ಬುಕ್ ನೋಡುತ್ತಾ ಆ ವರ್ಷದ ಒಂದೊಂದು ನಗದು ಜಮಾವನ್ನೂ ಬರೆಯಿರಿ. ಇದನ್ನು ಮೊಬೈಲ್‌ನಲ್ಲಿ ಮಾಡಲು ಹೋಗಬೇಡಿ, ಕೈಯಲ್ಲೇ ಬರೆಯಿರಿ. ಬರೆಯುವಾಗಲೇ ಅರ್ಧ ನೆನಪಾಗುತ್ತದೆ.

ಅಕ್ಕನ ಪಾಸ್‌ಬುಕ್ಕಿನಲ್ಲಿ ಹೀಗೆ ಬರೆಯುತ್ತಾ ಹೋದಾಗ ಒಂದು ವಿಷಯ ಕಂಡಿತು. ಒಂದು ದಿನ ಅವಳು 90,000 ತೆಗೆದಿದ್ದಾಳೆ, ಐದು ದಿನ ಬಿಟ್ಟು 85,000 ತುಂಬಿದ್ದಾಳೆ. ಸದಸ್ಯೆಯೊಬ್ಬಳಿಗೆ ಸಾಲ ಕೊಡಲು ತೆಗೆದದ್ದು, ಆಕೆಗೆ ಬೇಡವಾಗಿ ವಾಪಸ್ ಬಂದದ್ದು. ಅಂದರೆ ಅದೇ ರೊಕ್ಕ ಎರಡು ಸಲ ಲೆಕ್ಕಕ್ಕೆ ಸಿಕ್ಕಿದೆ. ಇಂಥ ಕಡೆ ಪಾಸ್‌ಬುಕ್ಕೇ ಸಾಕ್ಷಿ, ಬೇರೆ ಕಾಗದ ಬೇಕಿಲ್ಲ. ಉಳಿದದ್ದಕ್ಕೆ ಸಂಘದ ಠರಾವು ಪುಸ್ತಕ ಮತ್ತು ವಾರದ ಕಂತಿನ ವಹಿ. ಯಾವ ಸೋಮವಾರ ಯಾರು ಎಷ್ಟು ಕಟ್ಟಿದರು, ಹೆಬ್ಬೆಟ್ಟು ಸಮೇತ ಇತ್ತು.

ಹೊಲದವರಿಗೆ: ಒಕ್ಕಲುತನದ ಆದಾಯಕ್ಕೆ ಇನ್‌ಕಮ್ ಟ್ಯಾಕ್ಸ್ ಇಲ್ಲ, ನಿಜ. ಆದರೆ ‘ಹೊಲ ಐತ್ರಿ’ ಅಂದರೆ ಸಾಲದು. ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ಆ ವರ್ಷ ಆ ಬೆಳೆ ಬಂದಿರಬೇಕು. ಕಬ್ಬಿನ ರೊಕ್ಕ ಕಾರ್ಖಾನೆಯಿಂದ ನೇರ ಖಾತೆಗೇ ಬರುತ್ತದೆ, ಅದು ಸುಲಭ. ಕಷ್ಟ ಇರುವುದು ಉಳ್ಳಾಗಡ್ಡಿ, ಗೋವಿನಜೋಳ, ಕಡಲೆಯಲ್ಲಿ. ಅಡತಿ ಅಂಗಡಿಯ ಪಟ್ಟಿ, ಅಂದರೆ ಮಾಲು ಮಾರಿದ ಲೆಕ್ಕದ ಚೀಟಿ, ಬೇಕೇ ಬೇಕು. ಪಟ್ಟಿಯ ತಾರೀಖು ಜಮಾಕ್ಕಿಂತ ಮುಂಚಿನದು ಇರಬೇಕು. ಮಾರ್ಚ್ 4ರಂದು ತುಂಬಿದ ರೊಕ್ಕಕ್ಕೆ ಮಾರ್ಚ್ 20ರ ಪಟ್ಟಿ ಇಟ್ಟರೆ ನಗುತ್ತಾರೆ. ಪಟ್ಟಿ ಕಳೆದಿದ್ದರೆ ಅಡತಿಯವರ ಹತ್ತಿರ ನಕಲು ಕೇಳಿ.

ತೂಕದ ಚೀಟಿಗಳ ಬಗ್ಗೆ ಒಂದು ಮಾತು. ನುಣುಪು ಕಾಗದದ ಮೇಲಿನ ಅಕ್ಷರ ವರ್ಷದೊಳಗೆ ಮಾಸಿ ಬಿಳಿ ಆಗುತ್ತದೆ. ಬಂದ ದಿನವೇ ಝೆರಾಕ್ಸ್ ಮಾಡಿಸಿ. ಲ್ಯಾಮಿನೇಶನ್ ಮಾತ್ರ ಬೇಡ, ಬಿಸಿಗೆ ಇಡೀ ಚೀಟಿ ಕಪ್ಪಾಗುತ್ತದೆ. ನಾನೇ ಎರಡು ಸಲ ನೋಡಿದ್ದೇನೆ.

ಇನ್ನು ಎಲ್ಲರೂ ಹೇಳುವ ಕಥೆ: ‘ಮಾವ ಕೈಗಡ ಕೊಟ್ಟಿದ್ದ, 2 ಲಕ್ಷ, ನಗದು.’ ದಯವಿಟ್ಟು ಇದನ್ನು ಸುಮ್ನೆ ಬರೆಯಬೇಡಿ. 20,000 ಅಥವಾ ಅದಕ್ಕಿಂತ ಜಾಸ್ತಿ ಸಾಲವನ್ನು ನಗದಿನಲ್ಲಿ ಪಡೆಯುವುದೇ ತಪ್ಪು, ಅಷ್ಟೇ ಮೊತ್ತದ ದಂಡ ಬೀಳಬಹುದು. ಕೊಟ್ಟವನೂ ಪಡೆದವನೂ ಇಬ್ಬರೂ ಬರೀ ಒಕ್ಕಲುತನ ಮಾಡುವವರಾಗಿ ತೆರಿಗೆಯ ಆದಾಯವೇ ಇಲ್ಲದಿದ್ದರೆ ವಿನಾಯಿತಿ ಇದೆ. ನಿಮ್ಮದು ಅದರಲ್ಲಿ ಬರುತ್ತದೋ ಇಲ್ಲವೋ ವಕೀಲರು ಹೇಳಲಿ.

ಯಾವುದೋ ಜಮಾಕ್ಕೆ ಕಾಗದ ಇಲ್ಲವಾ? ಆ ಸಾಲು ಖಾಲಿ ಬಿಡಿ. ಹಳೇ ತಾರೀಖಿನ ಬಿಲ್ ಮಾಡಿಕೊಡುತ್ತೇವೆ, ನೂರಕ್ಕೆ ಇಷ್ಟು ಕೊಡಿ ಅನ್ನುವ ಏಜೆಂಟರು ಪ್ರತಿ ಊರಲ್ಲೂ ಇದ್ದಾರೆ. ಅವರ ‘ನೋಟಿಸ್ ಸೆಟ್ಲ್‌ಮೆಂಟ್ ಪ್ಯಾಕೇಜ್’ ತೆಗೆದುಕೊಂಡರೆ ಟ್ಯಾಕ್ಸ್ ಕೇಸು ಹೋಗಿ ಫೋರ್ಜರಿ ಕೇಸು ಬರುತ್ತದೆ. ಕಾಗದ ಇಲ್ಲದ ಮೊತ್ತ ಮಾತ್ರ ತೆರಿಗೆಗೆ ಸಿಕ್ಕರೂ ಪೂರ್ತಿ ಸಿಗುವುದಕ್ಕಿಂತ ಮೇಲು. ಹಳೆಯ ವರ್ಷಗಳ ಕೇಸಿನಲ್ಲಿ ಮೂಲ ತೋರಿಸಲಾಗದ ರೊಕ್ಕಕ್ಕೆ 60 ಪ್ರತಿಶತ ತೆರಿಗೆ, ಸರ್ಚಾರ್ಜ್, ಸೆಸ್ ಸೇರಿ ನೂರಕ್ಕೆ 78 ರೂಪಾಯಿ ಹೋಗುತ್ತದೆ. ಅಕ್ಕನ ಬಾಕಿ ಅಷ್ಟು ದೊಡ್ಡದಾದದ್ದು ಹಾಗೇ.

ಹೆಜ್ಜೆ 6: ಉತ್ತರ ಕಳಿಸುವುದು

ಇದು ವಕೀಲರ ಕೆಲಸ. ಈಗ ಎಲ್ಲಾ ಪೋರ್ಟಲ್‌ನಲ್ಲೇ, ಮುಖ ನೋಡದ ವ್ಯವಸ್ಥೆ. ನಿಮ್ಮ ಫೈಲ್ ಯಾವ ಊರಿನ ಅಧಿಕಾರಿ ಹತ್ತಿರ ಇದೆಯೋ ನಿಮಗೂ ಗೊತ್ತಿಲ್ಲ, ಅವರಿಗೂ ನೀವು ಗೊತ್ತಿಲ್ಲ. ಇಲ್ಲಿನ ಇನ್‌ಕಮ್ ಟ್ಯಾಕ್ಸ್ ಆಫೀಸಿನ ಮುಂದೆ ಹೋಗಿ ಕೂತರೆ ಬಿಸಿಲು ಮಾತ್ರ ಸಿಗುತ್ತದೆ. ಕಳಿಸಿದ ಮೇಲೆ ಬರುವ ಸ್ವೀಕೃತಿಯ ಪ್ರಿಂಟ್ ಇಟ್ಟುಕೊಳ್ಳಿ.

ಹೆಜ್ಜೆ 7: ಆದೇಶ ವಿರುದ್ಧ ಬಂದರೆ

30 ದಿನದಲ್ಲಿ ಅಪೀಲು. ತಡವಾದರೆ ಕಾರಣ ಹೇಳಿ ಮನ್ನಿಸಲು ಕೇಳಬಹುದು. ‘ನೋಟಿಸ್ ಅಂಗಡಿಯವನ ಇಮೇಲ್‌ಗೆ ಹೋಗಿತ್ತು’ ಅನ್ನುವುದನ್ನು ಅಲ್ಲಿ ಬರೆಯಿರಿ, ಪೋರ್ಟಲ್‌ನ ಹಳೇ ವಿವರದ ಪ್ರಿಂಟ್ ಸಮೇತ. ಅದಕ್ಕೇ ಹೆಜ್ಜೆ 1ರಲ್ಲಿ ಇಮೇಲ್ ಬದಲಿಸುವ ಮುಂಚೆ ಹಳೆಯದರ ಫೋಟೋ ತೆಗೆದುಕೊಳ್ಳಿ. ಮೊದಲೇ ಹೇಳಬೇಕಿತ್ತು, ಕ್ಷಮಿಸಿ. ಅಪೀಲು ಶುಲ್ಕ, ಇಲಾಖೆ ನಿಗದಿ ಮಾಡಿದ ಆದಾಯ 1 ಲಕ್ಷದೊಳಗಿದ್ದರೆ 250, 2 ಲಕ್ಷದೊಳಗಿದ್ದರೆ 500, ಅದರ ಮೇಲೆ 1,000 ರೂಪಾಯಿ.

ಲೋಕ ಅದಾಲತ್‌ನಲ್ಲಿ ಮುಗಿಸೋಣ ಅಂತ ಕಾಯುವವರಿದ್ದಾರೆ. ಮನೆ ತೆರಿಗೆ, ನೀರಿನ ಬಾಕಿಗೆ ಅದು ಸರಿ. ಇನ್‌ಕಮ್ ಟ್ಯಾಕ್ಸಿಗೆ ಅದರ ದಾರಿ ನೋಡುತ್ತಾ ಕೂತರೆ 30 ದಿನ ಹೋಗುತ್ತದೆ. ಹೈಕೋರ್ಟ್ ತನಕ ಹೋಗಬೇಕಾಗಿ ಬಂದರೂ ಪುಕ್ಕಟೆ ವಕೀಲರ ಸೌಲಭ್ಯ ಇದೆ. ಬಾಗಲಕೋಟೆ, ಬೆಳಗಾವಿಯವರಿಗೆ ಧಾರವಾಡ ಪೀಠ, ವಿಜಯಪುರದವರಿಗೆ ಕಲಬುರಗಿ ಪೀಠ.

ಜಿಎಸ್‌ಟಿ ನೋಟಿಸ್ ಬಂದರೂ ಇದೇ ದಾರಿ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಬಂದಾಗ ಅನೇಕರು ಕ್ಯೂಆರ್ ಬೋರ್ಡ್ ಕಿತ್ತು ಒಳಗಿಟ್ಟರು, ಉತ್ತರ ಮಾತ್ರ ಕೊಡಲಿಲ್ಲ. ಬೋರ್ಡ್ ಕಿತ್ತರೆ ಹಳೇ ಲೆಕ್ಕ ಹೋಗುತ್ತದಾ? ಕಾಯಿಪಲ್ಲೆ, ಹಾಲಿನಂಥವಕ್ಕೆ ತೆರಿಗೆಯೇ ಇಲ್ಲ ಅಂತ ಬರೆದು ಕೊಡಬೇಕು. ಆದೇಶ ಆದ ಮೇಲಾದರೆ ಅಪೀಲಿಗೆ ಮೂರು ತಿಂಗಳು ಟೈಮ್, ಆದರೆ ತಕರಾರಿನ ತೆರಿಗೆಯ 10 ಪ್ರತಿಶತ ಮೊದಲೇ ಕಟ್ಟಬೇಕು.

ಅಕ್ಕನ ಅಪೀಲು ಇನ್ನೂ ನಡೆದಿದೆ. ಸಂಘಕ್ಕೆ ಸಂಘದ ಹೆಸರಲ್ಲೇ ಖಾತೆ ತೆಗೆಸಿದ್ದಾಳೆ. ಸೋಮವಾರ ಕಂತು ಕಟ್ಟಿಸಿಕೊಂಡ ಮೇಲೆ ಮಗಳ ಫೋನ್‌ನಲ್ಲಿ ಪೋರ್ಟಲ್ ತೆಗೆಸಿ, ಹೊಸ ನೋಟಿಸ್ ಬಂದಿದೆಯಾ ಅಂತ ನೋಡಿಸಿಯೇ ರೊಟ್ಟಿಗೆ ಹಿಟ್ಟು ನಾದಲು ಕೂರುತ್ತಾಳೆ.