ಲೌಡನ್ ಕೌಂಟಿಯಲ್ಲಿ ಹಳೇ ಮನೆ: ಕಿಟಕಿ ಮುಟ್ಟುವ ಮೊದಲು

ವರ್ಜೀನಿಯಾದ ಲೌಡನ್ ಕೌಂಟಿಯಲ್ಲಿ ಆಶ್‌ಬರ್ನ್‌ನ ಟೌನ್‌ಹೌಸ್ ಮಾರಿ ವಾಟರ್‌ಫರ್ಡ್, ಲಿಂಕನ್ ಕಡೆ ಹಳೇ ಇಟ್ಟಿಗೆ ಮನೆ ಕೊಳ್ಳುವ ನಮ್ಮವರು ಎಡವುವುದು ಒಂದೇ ಜಾಗದಲ್ಲಿ. 'ನ್ಯಾಷನಲ್ ರಿಜಿಸ್ಟರ್' (ಫೆಡರಲ್ ಸರ್ಕಾರದ ಐತಿಹಾಸಿಕ ತಾಣಗಳ ಪಟ್ಟಿ) ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ಅದರ ನಿಯಮ ಹುಡುಕಿ ಓದುತ್ತಾರೆ. ಸ್ವಂತ ದುಡ್ಡಿನ ರಿಪೇರಿಗೆ ಅದರ ಅಡ್ಡಿಯಿಲ್ಲ ಎಂದು ತಿಳಿದು ನಿರಾಳರಾಗುತ್ತಾರೆ. ಓದಿದ್ದು ಸರಿಯೇ. ಆದರೆ ಇಲ್ಲಿ ತಡೆಯುವ ಅಧಿಕಾರ ಇರುವುದು ಕೌಂಟಿಗೆ.

ಭಾರತದಲ್ಲಿ ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ಒಳಗೆ ಹೊಸದಾಗಿ ಕಟ್ಟುವಂತಿಲ್ಲ. ಮೇಲಿನ ಸರ್ಕಾರದ್ದೇ ಬಿಗಿ ಹೆಚ್ಚು. ಇಲ್ಲಿ ಅದು ಅದಲುಬದಲು. ವಾಟರ್‌ಫರ್ಡ್‌ಗೆ 1970ರಲ್ಲೇ ಫೆಡರಲ್ ಸರ್ಕಾರದ ನ್ಯಾಷನಲ್ ಹಿಸ್ಟಾರಿಕ್ ಲ್ಯಾಂಡ್‌ಮಾರ್ಕ್ ಗೌರವ ಸಿಕ್ಕಿದೆ, ಆದರೂ ನಿಮ್ಮ ಕಿಟಕಿಯ ಬಗ್ಗೆ ಕೇಳುವುದು ಕೌಂಟಿಯ ಹಿಸ್ಟಾರಿಕ್ ಡಿಸ್ಟ್ರಿಕ್ಟ್ ರಿವ್ಯೂ ಕಮಿಟಿ. ಲಿಂಕನ್ ಸುತ್ತಲಿನ ಗೂಸ್ ಕ್ರೀಕ್ ಪ್ರದೇಶವೂ ಅದರ ವ್ಯಾಪ್ತಿಗೆ ಸೇರಿದೆ.

ಎರಡೂ ಕ್ವೇಕರರು, ಅಂದರೆ ಸರಳತೆಗೆ ಹೆಸರಾದ ಕ್ರೈಸ್ತ ಪಂಥದವರು, ಕಟ್ಟಿದ ನೆಲೆಗಳು. ಅವರ ಪ್ರಾರ್ಥನೆಯ ಮೀಟಿಂಗ್‌ಹೌಸ್‌ಗಳಿಗೆ ಶಿಲುಬೆ, ಗೋಪುರ ಯಾವುದೂ ಇಲ್ಲ. ಲಿಂಕನ್‌ನಲ್ಲಿ 1765ರ ಕಲ್ಲಿನ ಮೀಟಿಂಗ್‌ಹೌಸ್, 1817ರ ಇಟ್ಟಿಗೆಯ ಮೀಟಿಂಗ್‌ಹೌಸ್, 1815ರ ಒಂದೇ ಕೋಣೆಯ ಓಕ್‌ಡೇಲ್ ಶಾಲೆ ನೋಡಿ. ಅಲಂಕಾರವೇ ಬೇಡವೆಂದವರ ಊರಲ್ಲಿ ಉಳಿಸಿಕೊಳ್ಳಲು ಇರುವುದು ಕಿಟಕಿಯ ಅಳತೆ, ಇಟ್ಟಿಗೆಯ ಸಂದು, ಸೂರಿನ ಇಳಿಜಾರು. ಕಮಿಟಿ ಅದನ್ನೇ ನೋಡುತ್ತದೆ.

ದುಡ್ಡು ಹೋಗುವುದು ಕಿಟಕಿಯಲ್ಲೇ. "ಅದೇ ಅಳತೆಯದು, ಪರ್ಮಿಟ್ ಬೇಡ" ಎನ್ನುತ್ತಾನೆ ಕಾಂಟ್ರಾಕ್ಟರ್. ಅವನು ಹೇಳುವುದು ಬಿಲ್ಡಿಂಗ್ ಪರ್ಮಿಟ್ಟಿನ ಮಾತು. ಸರ್ಟಿಫಿಕೇಟ್ ಆಫ್ ಅಪ್ರೋಪ್ರಿಯೇಟ್‌ನೆಸ್, ಅಂದರೆ ಕಮಿಟಿಯ ಒಪ್ಪಿಗೆ ಪತ್ರ, ಬೇರೆಯೇ ಕಾಗದ; ರಸ್ತೆಗೆ ಕಾಣುವ ಭಾಗ ಬದಲಿಸುವ ಮೊದಲು ಅದು ಕೈಯಲ್ಲಿರಬೇಕು. ಹಳೇ ಕಿಟಕಿಯಲ್ಲಿ ಮೇಲೆ ಆರು, ಕೆಳಗೆ ಆರು ಸಣ್ಣ ಗಾಜು, ನಡುವೆ ಉಬ್ಬಿದ ಮರದ ಪಟ್ಟಿ, ಅದರ ನೆರಳು. ವಿನೈಲ್ ಕಿಟಕಿಯಲ್ಲಿ ಎರಡು ಗಾಜಿನ ಮಧ್ಯೆ ಚಪ್ಪಟೆ ಪಟ್ಟಿ ಅಷ್ಟೇ. ಅದು ರಸ್ತೆಯಿಂದಲೇ ಗೊತ್ತಾಗುತ್ತದೆ. ನೋಟಿಸ್ ಬಂದರೆ ವಿನೈಲ್ ಕಿತ್ತು ಮರದ್ದು ಹಾಕಿಸಬೇಕು, ಅಂದರೆ ಎರಡು ಸಲ ಖರ್ಚು. ಹಳೆಯದನ್ನೇ ರಿಪೇರಿ ಮಾಡಿಸಿ ಅದರ ಜೊತೆಗೆ ಸ್ಟಾರ್ಮ್ ವಿಂಡೋ (ಹೆಚ್ಚುವರಿ ಗಾಜಿನ ಪದರ) ಹಾಕಿಸಿ; ಚಳಿಯೂ ನಿಲ್ಲುತ್ತದೆ.

ಇಟ್ಟಿಗೆ ಸಂದಿಗೆ ಸಿಮೆಂಟ್ ಮೆತ್ತಿಸಬೇಡಿ. ಹಳೇ ಇಟ್ಟಿಗೆ ಮೆದು. ಸಿಮೆಂಟ್ ತೇವವನ್ನು ಹೊರಬಿಡದೆ ಹಿಡಿದಿಡುತ್ತದೆ, ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟಿ ಇಟ್ಟಿಗೆಯ ಮುಖವೇ ಹಕ್ಕಳೆ ಏಳುತ್ತದೆ. ಬೇಕಾದ್ದು ಸುಣ್ಣದ ಗಾರೆ.

ಯಾರಾದರೂ ಎಚ್ಚರಿಸುತ್ತಾರೆಂದು ಕಾಯಬೇಡಿ. ಮನೆ ಮಾರುವಾಗ ಕೊಡುವ ವರ್ಜೀನಿಯಾದ ಡಿಸ್ಕ್ಲೋಷರ್ ಫಾರ್ಮಿನ ಪ್ರಕಾರ ಐತಿಹಾಸಿಕ ಡಿಸ್ಟ್ರಿಕ್ಟಿನ ವಿಚಾರ ವಿಚಾರಿಸಿಕೊಳ್ಳುವುದು ಕೊಳ್ಳುವವರದೇ ಹೊಣೆ. ಇದು ಅನ್ಯಾಯ ಎಂದೇ ನನ್ನ ಅಭಿಪ್ರಾಯ. ಆಫರ್ ಹಾಕುವ ಮೊದಲೇ ಕೌಂಟಿಯ ಜೋನಿಂಗ್ ನಕ್ಷೆಯಲ್ಲಿ ವಿಳಾಸ ಹುಡುಕಿ. ಕ್ರಯಪತ್ರದಲ್ಲಿ ಸಂರಕ್ಷಣಾ ಈಸ್‌ಮೆಂಟ್, ಅಂದರೆ ಮನೆ ಬದಲಿಸದಂತೆ ಆಸ್ತಿಗೇ ಅಂಟಿದ ಕರಾರು, ಇದೆಯೇ ನೋಡಿಸಿ. ವಾಟರ್‌ಫರ್ಡ್‌ನಲ್ಲಿ ಇಂಥ ಮನೆಗಳು ಬಹಳ. ಈಸ್‌ಮೆಂಟ್ ಮಾಲೀಕರು ಬದಲಾದರೂ ಅಳಿಯುವುದಿಲ್ಲ, ಅದರ ಒಪ್ಪಿಗೆ ಕೌಂಟಿಯ ಒಪ್ಪಿಗೆಗಿಂತ ಬೇರೆ. ಕಮಿಟಿಗೆ ಹಾಕುವ ಅರ್ಜಿಗೆ ನಾಲ್ಕೂ ಬದಿಯ ಫೋಟೋ, ಅಳತೆಯ ಚಿತ್ರ, ಸಾಮಗ್ರಿಯ ವಿವರ ಸೇರಿಸಿ.

ಮೊದಲು ಹೇಳಿದ ನ್ಯಾಷನಲ್ ರಿಜಿಸ್ಟರ್ ಕೆಲಸಕ್ಕೆ ಬರುವುದು ತೆರಿಗೆಯಲ್ಲಿ. ರಾಜ್ಯದ ಪಟ್ಟಿಗೂ ಸೇರಿದ ಮನೆಯಾದರೆ ಅರ್ಹ ಖರ್ಚಿನ 25% ರಾಜ್ಯ ತೆರಿಗೆಯಲ್ಲಿ ಕ್ರೆಡಿಟ್ ಸಿಗುತ್ತದೆ. ನೀವೇ ವಾಸಿಸುವ ಮನೆಗೆ, ಕೆಲಸ ಶುರುವಾಗುವ ಹಿಂದಿನ ವರ್ಷ ಆಸ್ತಿ ತೆರಿಗೆಗಾಗಿ ಕಟ್ಟಡಕ್ಕೆ ನಿಗದಿ ಮಾಡಿದ ಬೆಲೆಯ ಕಾಲು ಭಾಗವಾದರೂ ಖರ್ಚು ಮಾಡಿರಬೇಕು. ಫೆಡರಲ್ ತೆರಿಗೆಯ 20% ಕ್ರೆಡಿಟ್ ಸ್ವಂತ ವಾಸದ ಮನೆಗಿಲ್ಲ. ಕ್ರೆಡಿಟ್ ಕೊಡಲು ಕೆಲಸ ಶುರುವಾಗುವ ಮುಂಚಿನ ಫೋಟೋ ಕೇಳುತ್ತಾರೆ, ಆದ್ದರಿಂದ ಬೀಗದ ಕೈ ಸಿಕ್ಕ ದಿನವೇ ಒಳಗೂ ಹೊರಗೂ ಎಲ್ಲ ತೆಗೆದಿಡಿ.